ವಿನಾಯಿತಿ ಇಲ್ಲದ ಹಾಜರಿ: ಉದಯಪುರದ ಏಕೋಪಾಧ್ಯಾಯ ಶಾಲೆಗಳ ಪ್ರಕರಣ ಅಧ್ಯಯನ

ರಾಜಸ್ಥಾನದ ಉದಯಪುರ ಜಿಲ್ಲೆಯ ಗುಡ್ಡಗಾಡಿನ ಬುಡಕಟ್ಟು ಹಳ್ಳಿಗಳಲ್ಲಿ ಮನೆಗಳು ಚದುರಿಕೊಂಡಿವೆ. ಸರ್ಕಾರಿ ಶಾಲೆಯ ಮುಖ ಕಾಣದ, ಕಂಡರೂ ಅರ್ಧಕ್ಕೆ ಬಿಟ್ಟ ಮಕ್ಕಳಿಗಾಗಿ ಸೇವಾ ಮಂದಿರ್ ಎಂಬ ಸ್ವಯಂಸೇವಾ ಸಂಸ್ಥೆ ಅಲ್ಲಿ ಅನೌಪಚಾರಿಕ ಶಿಕ್ಷಣ ಕೇಂದ್ರಗಳನ್ನು ನಡೆಸುತ್ತಿತ್ತು. ಒಂದು ಕೇಂದ್ರಕ್ಕೆ ಒಬ್ಬರೇ ಶಿಕ್ಷಕರು, ಸುಮಾರು ಇಪ್ಪತ್ತು ಮಕ್ಕಳು, ದಿನಕ್ಕೆ ಆರು ಗಂಟೆ ಪಾಠ. ಏಳರಿಂದ ಹದಿನಾಲ್ಕು ವರ್ಷದವರೆಲ್ಲ ಒಂದೇ ಕಡೆ ಕೂತು ಹಿಂದಿ ಓದು ಬರಹ ಮತ್ತು ಲೆಕ್ಕ ಕಲಿಯಬೇಕು, ಮುಂದೆ ಸರ್ಕಾರಿ ಶಾಲೆಗೆ ಸೇರುವ ಮಟ್ಟಕ್ಕೆ ಬರಬೇಕು ಎಂಬುದು ಉದ್ದೇಶ. ಶಿಕ್ಷಕರು ಸ್ಥಳೀಯರೇ. ಹೆಚ್ಚಿನವರ ಓದು ಹತ್ತನೇ ತರಗತಿಯ ಆಸುಪಾಸು, ಕೆಲಸ ಗುತ್ತಿಗೆಯದು, ತಿಂಗಳ ಸಂಬಳ 1000 ರೂಪಾಯಿ.

ಏಕೋಪಾಧ್ಯಾಯ ಶಾಲೆಯಲ್ಲಿ ಶಿಕ್ಷಕರ ಗೈರುಹಾಜರಿಗೆ ಬೇರೆಯೇ ತೂಕ. ನಾಲ್ಕು ಜನ ಇರುವ ಶಾಲೆಯಲ್ಲಿ ಒಬ್ಬರು ಬಾರದಿದ್ದರೆ ಎರಡು ತರಗತಿಯನ್ನು ಒಟ್ಟಿಗೆ ಕೂರಿಸಿಯಾದರೂ ದಿನ ಕಳೆಯಬಹುದು. ಇಲ್ಲಿ ಹಾಗಲ್ಲ, ಶಿಕ್ಷಕರು ಬರಲಿಲ್ಲ ಎಂದರೆ ಬೀಗ ತೆಗೆಯುವವರೇ ಇಲ್ಲ. 2003ರ ಆಗಸ್ಟ್‌ನಲ್ಲಿ ಮುನ್ಸೂಚನೆ ಕೊಡದೆ ಈ ಕೇಂದ್ರಗಳಿಗೆ ಭೇಟಿ ಕೊಟ್ಟು ನೋಡಿದಾಗ ಗೈರುಹಾಜರಿ ಶೇ 44ರಷ್ಟಿತ್ತು. ನಡೆದುಕೊಂಡು ಬಂದ ಮಗು ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ದಿನ ವಾಪಸ್ ಹೋಗಬೇಕಿತ್ತು.

ಸೇವಾ ಮಂದಿರ್ ಬಳಿ ನಿಯಮ ಇರಲಿಲ್ಲ ಎಂದಲ್ಲ. ತಿಂಗಳಿಗೆ ಕನಿಷ್ಠ 20 ದಿನ ಬರಬೇಕು, ಹಾಜರಾತಿ ಕೆಟ್ಟಿದ್ದರೆ ಕೆಲಸದಿಂದ ತೆಗೆಯಬಹುದು ಎಂದು ಎಲ್ಲರಿಗೂ ಹೇಳಲಾಗಿತ್ತು. ತೆಗೆದದ್ದು ಮಾತ್ರ ಅಪರೂಪ. ತೆಗೆಯುವುದು ಸುಲಭವೂ ಅಲ್ಲ. ಆ ಹಳ್ಳಿಯಲ್ಲಿ ಹತ್ತನೇ ತರಗತಿ ಓದಿದ ಇನ್ನೊಬ್ಬರನ್ನು ಹುಡುಕಬೇಕು, ಅವರು ಆ ಸಂಬಳಕ್ಕೆ ಒಪ್ಪಬೇಕು, ಅಲ್ಲಿಯವರೆಗೆ ಕೇಂದ್ರ ಮುಚ್ಚಿರಬೇಕು. ಬಳಸಲಾಗದಷ್ಟು ದೊಡ್ಡ ಶಿಕ್ಷೆಯನ್ನು ಯಾರೂ ಬಳಸುವುದಿಲ್ಲ. ಬಳಸುವುದಿಲ್ಲ ಎಂದು ಶಿಕ್ಷಕರಿಗೂ ಗೊತ್ತಿರುತ್ತದೆ.

ಇದು ಉದಯಪುರದ ಒಂದು ಸಂಸ್ಥೆಯ ಕಥೆಯಷ್ಟೇ ಆಗಿರಲಿಲ್ಲ. ಅದೇ ಹೊತ್ತಿಗೆ ಆರು ದೇಶಗಳ ಪ್ರಾಥಮಿಕ ಶಾಲೆಗಳಿಗೆ ಹೇಳದೆ ಕೇಳದೆ ಹೋಗಿ ಎಣಿಸಿದ ದೊಡ್ಡ ಸಮೀಕ್ಷೆಯೊಂದು ನಡೆದಿತ್ತು. ಶಿಕ್ಷಕರ ಗೈರುಹಾಜರಿ ಪೆರುವಿನಲ್ಲಿ ಶೇ 11, ಈಕ್ವೆಡಾರ್‌ನಲ್ಲಿ 14, ಬಾಂಗ್ಲಾದೇಶದಲ್ಲಿ 16, ಇಂಡೊನೇಷ್ಯಾದಲ್ಲಿ 19, ಭಾರತದಲ್ಲಿ 25, ಉಗಾಂಡದಲ್ಲಿ 27. ಭಾರತದ ಸರ್ಕಾರಿ ಶಾಲೆಗಳಲ್ಲಿ ತಂಡ ಹೋದ ಹೊತ್ತಿಗೆ ನಿಜವಾಗಿ ಪಾಠ ಮಾಡುತ್ತಿದ್ದವರು ಅರ್ಧಕ್ಕಿಂತ ಕಡಿಮೆ. ಅದೇ ಸಮೀಕ್ಷೆಯ ಇನ್ನೊಂದು ಅಂಶ ನನ್ನನ್ನು ಹೆಚ್ಚು ಕಾಡುತ್ತದೆ: ಸುಮಾರು 3000 ಸರ್ಕಾರಿ ಶಾಲೆಗಳ ಮುಖ್ಯ ಶಿಕ್ಷಕರನ್ನು ಕೇಳಿದಾಗ, ಪದೇ ಪದೇ ಗೈರಾದ ಕಾರಣಕ್ಕೆ ಯಾರನ್ನಾದರೂ ವಜಾ ಮಾಡಿದ್ದಾಗಿ ಹೇಳಿದವರು ಒಬ್ಬರೇ ಒಬ್ಬರು. ಶಿಸ್ತಿನ ನಿಯಮಗಳು ಎಲ್ಲ ಕಡೆ ಪುಸ್ತಕದಲ್ಲಿದ್ದವು.

ಕ್ಯಾಮೆರಾ ಮತ್ತು ಸಂಬಳದ ಲೆಕ್ಕ

2003ರ ಸೆಪ್ಟೆಂಬರ್‌ನಲ್ಲಿ ಸೇವಾ ಮಂದಿರ್, ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ರೀಮಾ ಹನ್ನಾ ಮತ್ತು ಸ್ಟೀಫನ್ ರಯಾನ್ ಜೊತೆ ಸೇರಿ ಒಂದು ಪ್ರಯೋಗಕ್ಕೆ ಕೈಹಾಕಿತು. 120 ಕೇಂದ್ರಗಳನ್ನು ಆರಿಸಿ, ಲಾಟರಿ ಎತ್ತಿದಂತೆ ಅರ್ಧದಷ್ಟಕ್ಕೆ ಹೊಸ ಪದ್ಧತಿ, ಉಳಿದವಕ್ಕೆ ಹಳೆಯದೇ ಎಂದು ಹಂಚಿದರು. ಕೆಲವು ಕೇಂದ್ರಗಳು ಮುಚ್ಚಿ ಕೊನೆಗೆ ಉಳಿದದ್ದು 113: ಹೊಸ ಪದ್ಧತಿಯಲ್ಲಿ 57, ಹಳೆಯದರಲ್ಲಿ 56.

ಹೊಸ ಪದ್ಧತಿಯ ಪ್ರತಿ ಶಿಕ್ಷಕರಿಗೂ ಒಂದು ಸಾಧಾರಣ ಕ್ಯಾಮೆರಾ. ತೆಗೆದ ಚಿತ್ರದ ಮೇಲೆ ದಿನಾಂಕ, ಸಮಯ ಅಚ್ಚಾಗುತ್ತಿತ್ತು. ಅದನ್ನು ಬದಲಿಸುವ ಗುಂಡಿಗಳ ಮೇಲೆ ದಪ್ಪ ಟೇಪು ಸುತ್ತಿ, ಯಾರಾದರೂ ಕೈಯಾಡಿಸಿದರೆ ಗೊತ್ತಾಗುವ ಹಾಗೆ ಮುದ್ರೆ ಹಾಕಲಾಗಿತ್ತು. ಬೆಳಿಗ್ಗೆ ಶಾಲೆ ತೆರೆದಾಗ ಒಬ್ಬ ವಿದ್ಯಾರ್ಥಿ, ಶಿಕ್ಷಕರು ಮತ್ತು ಉಳಿದ ಮಕ್ಕಳು ಒಟ್ಟಿಗೆ ಕಾಣುವಂತೆ ಒಂದು ಫೋಟೊ ತೆಗೆಯಬೇಕು. ಶಾಲೆ ಮುಚ್ಚುವಾಗ ಇನ್ನೊಂದು. ಎರಡರ ನಡುವೆ ಕನಿಷ್ಠ ಐದು ಗಂಟೆ ಅಂತರ ಇರಬೇಕು, ಎರಡರಲ್ಲೂ ಕನಿಷ್ಠ ಎಂಟು ಮಕ್ಕಳು ಕಾಣಬೇಕು. ಹಾಗಿದ್ದರೆ ಮಾತ್ರ ಆ ದಿನ ಲೆಕ್ಕಕ್ಕೆ. ಎರಡು ತಿಂಗಳಿಗೊಮ್ಮೆ ಸಂಬಳ, ಅದಕ್ಕೆ ಮೊದಲು ಫಿಲ್ಮ್ ತೊಳೆದು ದಿನಗಳ ಎಣಿಕೆ.

ಎಣಿಕೆಯ ನಂತರದ ಲೆಕ್ಕವನ್ನು ಹತ್ತನೇ ತರಗತಿ ಓದಿದ ಯಾರು ಬೇಕಾದರೂ ಮನಸ್ಸಿನಲ್ಲೇ ಮಾಡಿಕೊಳ್ಳಬಹುದಿತ್ತು. 20 ದಿನಕ್ಕೆ 1000 ರೂಪಾಯಿ. ಅದಕ್ಕಿಂತ ಹೆಚ್ಚು ಬಂದ ಪ್ರತಿ ದಿನಕ್ಕೆ 50 ರೂಪಾಯಿ ಸೇರಿಕೆ, ಕಡಿಮೆ ಬಂದ ಪ್ರತಿ ದಿನಕ್ಕೆ 50 ರೂಪಾಯಿ ಕಡಿತ. 23 ದಿನ ಬಂದವರಿಗೆ 1150. 17 ದಿನ ಬಂದವರಿಗೆ 850. ಎಷ್ಟೇ ಕಡಿಮೆ ಬಂದರೂ 500ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಎಷ್ಟೇ ಬಂದರೂ 1300 ದಾಟುವುದಿಲ್ಲ. ಹಳೆಯ ಪದ್ಧತಿಯಲ್ಲಿ ಉಳಿದವರಿಗೆ ಮೊದಲಿನಂತೆಯೇ 1000.

ಸಾವಿರ ರೂಪಾಯಿ ಸಂಬಳದಲ್ಲಿ ದಿನಕ್ಕೆ ಐವತ್ತು ಎಂದರೆ ಶೇ 5. ಇಷ್ಟು ಕಡಿಮೆ ಸಂಬಳದವರ ಮೇಲೆ ಇಷ್ಟು ಬಿಗಿಯಾದ ಲೆಕ್ಕ ಹೇರುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವುದು ನನಗೆ ಸರಿಕಾಣುವುದಿಲ್ಲ. ಆದರೆ ಯೋಜನೆ ಕಡಿತದ ಜೊತೆಗೇ ಸೇರಿಕೆಯನ್ನೂ ಇಟ್ಟಿತ್ತು. ಚೆನ್ನಾಗಿ ಬರುವವರು ಮೊದಲು ಪಡೆಯುತ್ತಿದ್ದುದಕ್ಕಿಂತ ಹೆಚ್ಚು ಪಡೆಯುವ ದಾರಿ ತೆರೆಯಿತು. ದಿನವೂ ಬರುವವರಿಗೂ ಹತ್ತು ದಿನ ಬರುವವರಿಗೂ ಒಂದೇ ಸಂಬಳ ಸಿಗುತ್ತಿದ್ದ ಹಳೆಯ ಪದ್ಧತಿಯಲ್ಲಿ ನಿಷ್ಠೆಯಿಂದ ದುಡಿಯುವವರಿಗೆ ಆಗುತ್ತಿದ್ದ ಅನ್ಯಾಯವನ್ನೂ ಇದರ ಎದುರು ಇಟ್ಟು ತೂಗಬೇಕು.

ತಿಂಗಳ ಕೊನೆಯ ವಾರ

ಫೋಟೊಗಳನ್ನಷ್ಟೇ ನಂಬಿ ಕೂರದೆ, ಎರಡೂ ಗುಂಪಿನ ಪ್ರತಿ ಕೇಂದ್ರಕ್ಕೂ ತಿಂಗಳಿಗೊಮ್ಮೆ ಅನಿರೀಕ್ಷಿತ ಭೇಟಿ ನಡೆಯುತ್ತಿತ್ತು. ಎರಡು ವರ್ಷಕ್ಕೂ ಮೀರಿದ ಆ ಭೇಟಿಗಳ ಒಟ್ಟು ಲೆಕ್ಕ ಹೀಗಿದೆ: ಹಳೆಯ ಪದ್ಧತಿಯಲ್ಲಿ ಗೈರುಹಾಜರಿ ಶೇ 42, ಹೊಸ ಪದ್ಧತಿಯಲ್ಲಿ ಶೇ 21. ಸರಿಯಾಗಿ ಅರ್ಧ. ಆರಂಭದ ಬಿಸಿ ಆರಿದ ಮೇಲೆ ಹಾಜರಿ ಕುಸಿಯಲೂ ಇಲ್ಲ. ಬಂದ ಶಿಕ್ಷಕರು ಫೋಟೊ ತೆಗೆಸಿಕೊಂಡು ಸುಮ್ಮನೆ ಕೂತಿರಬಹುದು ಎಂಬ ಅನುಮಾನ ಸಹಜ, ಆದರೆ ಶಾಲೆ ತೆರೆದಿದ್ದಾಗ ಪಾಠ ಮಾಡುತ್ತಿದ್ದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ತೆರೆದ ದಿನಗಳು ಹೆಚ್ಚಿದ್ದರಿಂದ ಮಕ್ಕಳಿಗೆ ಸಿಕ್ಕ ಪಾಠದ ಸಮಯ ಸುಮಾರು ಶೇ 30ರಷ್ಟು ಹೆಚ್ಚಿತು.

ಈಗ ಮುಖ್ಯ ಪ್ರಶ್ನೆ. ಶಿಕ್ಷಕರು ಬಂದದ್ದು ಯಾರೋ ನೋಡುತ್ತಿದ್ದಾರೆ ಎಂಬ ಅಳುಕಿನಿಂದಲೋ, ಹಣಕ್ಕಾಗಿಯೋ? ಸಂಬಳದ ಸೂತ್ರದಲ್ಲೇ ಇದಕ್ಕೆ ಉತ್ತರ ಅಡಗಿತ್ತು, ಸಂಶೋಧಕರು ಅದನ್ನು ಹೊರತೆಗೆದ ರೀತಿ ಈ ಅಧ್ಯಯನದಲ್ಲಿ ನನಗೆ ತುಂಬ ಹಿಡಿಸಿದ ಭಾಗ.

ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಕಾಯಿಲೆಯೋ ಮದುವೆಯೋ, ತಿಂಗಳ 20ನೇ ತಾರೀಖಿಗೆ ಅವರು ಬಂದಿರುವುದು ಬರೀ ಎರಡು ದಿನ. ಉಳಿದ ಅಷ್ಟೂ ದಿನ ಬಂದರೂ ಹತ್ತು ದಾಟುವುದು ಕಷ್ಟ. ಅಂದರೆ ಬಂದರೂ 500, ಬಾರದಿದ್ದರೂ 500. ಕ್ಯಾಮೆರಾ ಕೈಯಲ್ಲೇ ಇದೆ, ಮೇಲಿನವರು ಫೋಟೊ ನೋಡುತ್ತಲೇ ಇದ್ದಾರೆ, ಆದರೆ ಆ ತಿಂಗಳ ಮಟ್ಟಿಗೆ ಒಂದು ದಿನದ ಬೆಲೆ ಸೊನ್ನೆ. ಮುಂದಿನ ತಿಂಗಳ ಒಂದನೇ ತಾರೀಖಿಗೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ, ಪ್ರತಿ ದಿನಕ್ಕೂ ಮತ್ತೆ 50 ರೂಪಾಯಿ ಬೆಲೆ ಬರುತ್ತದೆ. ಕಾರಣ ಬರೀ ಕಣ್ಗಾವಲಾಗಿದ್ದರೆ ತಿಂಗಳ ಕೊನೆಗೂ ಮುಂದಿನ ತಿಂಗಳ ಮೊದಲಿಗೂ ವ್ಯತ್ಯಾಸ ಕಾಣಬಾರದಿತ್ತು. ಆದರೆ ಕಂಡಿತು. ಇಂಥ ಸ್ಥಿತಿಯಲ್ಲಿದ್ದ ಶಿಕ್ಷಕರ ಹಾಜರಿ ತಿಂಗಳ ಕೊನೆಯಲ್ಲಿ ಸೊರಗಿ, ಹೊಸ ತಿಂಗಳ ಮೊದಲ ದಿನಗಳಲ್ಲಿ ಥಟ್ಟನೆ ಏರಿತು. ಕ್ಯಾಮೆರಾ ಎರಡೂ ವಾರ ಅದೇ. ಬದಲಾದದ್ದು ದಿನದ ಬೆಲೆ.

ಇದರಿಂದ ಶಿಕ್ಷಕರು ದುಡ್ಡಿನ ಹಿಂದೆ ಬೀಳುವವರು ಎಂದು ತೀರ್ಮಾನಿಸುವುದು ತಪ್ಪು. ಮಾತು ಮತ್ತು ಬೆದರಿಕೆ ಮಾಡದ್ದನ್ನು ದಿನಕ್ಕೆ ಐವತ್ತು ರೂಪಾಯಿ ಮಾಡಿತು, ಏಕೆಂದರೆ ಆ ಐವತ್ತು ರೂಪಾಯಿ ಪ್ರತಿ ಸಲವೂ, ಎಲ್ಲರಿಗೂ, ಯಾರ ಮರ್ಜಿಯನ್ನೂ ಕಾಯದೆ ಸೇರುತ್ತಿತ್ತು ಅಥವಾ ಕಡಿತವಾಗುತ್ತಿತ್ತು. ಫಿಲ್ಮಿನಲ್ಲಿ ದಿನ ಇದೆ ಅಥವಾ ಇಲ್ಲ. ‘ಪರವಾಗಿಲ್ಲ, ಈ ಸಲ ಹಾಕಿಕೊಡಿ’ ಎಂದು ಹೇಳಬಲ್ಲವರು ನಡುವೆ ಯಾರೂ ಇರಲಿಲ್ಲ. ಈ ಪ್ರಕರಣದ ತಿರುಳು ಇಲ್ಲಿದೆ ಎಂದು ನಾನು ನಂಬುತ್ತೇನೆ. ಹಾಗೆ ನಂಬಲು ಕಾರಣ ಅದೇ ಜಿಲ್ಲೆಯ ಇನ್ನೊಂದು ಯೋಜನೆ.

ಅದೇ ಜಿಲ್ಲೆ, ಅದೇ ಸಂಸ್ಥೆ, ಬೇರೆ ಫಲ

ಶಾಲೆಗಳಲ್ಲಿ ಫಲ ಕಂಡ ಮೇಲೆ ಸೇವಾ ಮಂದಿರ್ ಉದಯಪುರದ ಜಿಲ್ಲಾ ಆರೋಗ್ಯ ಆಡಳಿತದ ಜೊತೆ ಕೈಜೋಡಿಸಿತು. ಆರೋಗ್ಯ ಉಪಕೇಂದ್ರಗಳ ಸರ್ಕಾರಿ ದಾದಿಯರ, ಅಂದರೆ ಎಎನ್‌ಎಂಗಳ ಗೈರುಹಾಜರಿಯೂ ಶಾಲೆಗಳಷ್ಟೇ ಕೆಟ್ಟದಾಗಿತ್ತು. ಈ ಸಲ ಕ್ಯಾಮೆರಾ ಬದಲು ದಿನಾಂಕ, ಸಮಯ ಒತ್ತುವ ಯಂತ್ರ. ದಿನಕ್ಕೆ ಮೂರು ಬಾರಿ ಒತ್ತಬೇಕು. ಒತ್ತದ ದಿನಗಳಿಗೆ ಸಂಬಳ ಕಡಿತ ಎಂದು ಆಡಳಿತ ಘೋಷಿಸಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ರಾಚೆಲ್ ಗ್ಲೆನರ್ಸ್ಟರ್ ಇದನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು.

ಮೊದಲ ಕೆಲವು ತಿಂಗಳು ಭರವಸೆ ಹುಟ್ಟಿಸುವಂತಿದ್ದವು. ನಿಗಾ ಇದ್ದ ದಾದಿಯರ ಹಾಜರಿ ಇಲ್ಲದವರ ಎರಡರಷ್ಟಾಯಿತು. ಹದಿನಾರು ತಿಂಗಳ ಹೊತ್ತಿಗೆ ಎರಡೂ ಗುಂಪಿನ ನಡುವೆ ವ್ಯತ್ಯಾಸವೇ ಉಳಿದಿರಲಿಲ್ಲ.

ನಡುವೆ ಆದದ್ದು ಇಷ್ಟು. ದಾಖಲೆಯ ಪುಸ್ತಕದಲ್ಲಿ ‘ಗೈರು’ ಎಂಬ ನಮೂದು ಹೆಚ್ಚಲಿಲ್ಲ, ಹೆಚ್ಚಿದ್ದು ‘ವಿನಾಯಿತಿ ದಿನ’ ಎಂಬ ನಮೂದು. ಸಭೆ ಇತ್ತು, ಸಮೀಕ್ಷೆ ಇತ್ತು, ಬೇರೆ ಕಡೆ ಕೆಲಸ ಇತ್ತು ಎಂದು ಆಡಳಿತವೇ ಒಪ್ಪಿ ಬರೆದುಕೊಟ್ಟ ದಿನಗಳು ಅವು. ಯಂತ್ರ ಕೆಟ್ಟಿದೆ ಎಂಬ ದಿನಗಳೂ ಏರಿದವು. ವಿನಾಯಿತಿಯ ದಿನಕ್ಕೆ ಕಡಿತ ಇಲ್ಲ. ಹೀಗೆ ನಿಯಮ ಕಾಗದದ ಮೇಲೆ ಅಕ್ಷರಶಃ ಪಾಲನೆಯಾಗುತ್ತಲೇ ಇತ್ತು, ಉಪಕೇಂದ್ರಕ್ಕೆ ಬೀಗ ಬೀಳುತ್ತಲೇ ಇತ್ತು. ದಾದಿಯರು ಅಡ್ಡದಾರಿ ಹಿಡಿದರು ಎಂದು ಓದಿದರೆ ಅರ್ಧ ಮಾತ್ರ ಓದಿದಂತೆ. ವಿನಾಯಿತಿಗೆ ಸಹಿ ಹಾಕಿದ್ದು ದಾದಿಯರಲ್ಲ. ತಾನೇ ಹೊರಡಿಸಿದ ಆದೇಶಕ್ಕೆ ತಾನೇ ಉತ್ತರದಾಯಿಯಾಗದೆ ಹೋದದ್ದು ಮೇಲಿನ ಆಡಳಿತ.

ಕೀನ್ಯಾದಲ್ಲಿ ಇದರ ಇನ್ನೊಂದು ರೂಪ ಅದಕ್ಕೂ ಮೊದಲೇ ಕಂಡಿತ್ತು. ಅಲ್ಲಿನ ಶಿಶುವಿಹಾರಗಳಲ್ಲಿ ಸರಿಯಾಗಿ ಬರುವ ಶಿಕ್ಷಕರಿಗೆ ಬಹುಮಾನ ಕೊಡುವ ಯೋಜನೆಯನ್ನು ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಯಾರು ಬಂದರು, ಯಾರು ಬರಲಿಲ್ಲ ಎಂದು ದಾಖಲಿಸುವ ಹೊಣೆ ಮುಖ್ಯ ಶಿಕ್ಷಕರದು. ಮುಖ್ಯ ಶಿಕ್ಷಕರು ಎಲ್ಲರಿಗೂ ಪೂರ್ತಿ ಬಹುಮಾನ ಬರುವಂತೆ ಬರೆದುಕೊಟ್ಟರು. ಹಾಜರಿ ಎಷ್ಟಿತ್ತೋ ಅಷ್ಟೇ ಉಳಿಯಿತು. ಅವರನ್ನೂ ನಾನು ಸುಲಭವಾಗಿ ದೂರಲಾರೆ. ದಿನವಿಡೀ ಜೊತೆಯಲ್ಲಿ ಕೆಲಸ ಮಾಡುವ, ಕಷ್ಟಸುಖ ಗೊತ್ತಿರುವ ಸಹೋದ್ಯೋಗಿಯ ಹೆಸರಿನ ಮುಂದೆ ಗೈರು ಎಂದು ಬರೆದು ಅವರ ಹಣ ತಪ್ಪಿಸುವುದು ಯಾರಿಗೂ ಹಿತವಲ್ಲ. ಅಂಥ ಹೊರೆಯನ್ನು ಮುಖ್ಯ ಶಿಕ್ಷಕರ ಹೆಗಲ ಮೇಲೆ ಹಾಕಿದ್ದು ಯೋಜನೆಯ ದೋಷ.

ಬಂದರು, ಕಲಿತರೇ?

ಉದಯಪುರದ ಮಕ್ಕಳ ಪರೀಕ್ಷೆಯ ಅಂಕಗಳು 0.17 ಮಾನಕ ವಿಚಲನೆಯಷ್ಟು ಏರಿದವು. ಬಿಡಿಸಿ ಹೇಳುವುದಾದರೆ, ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ಇದ್ದ ಮಗು ಆರೇಳು ಸ್ಥಾನ ಮುಂದೆ ಬಂದಂತೆ. ಸರ್ಕಾರಿ ಶಾಲೆಗೆ ಸೇರುವ ಅರ್ಹತೆ ಪಡೆದ ಮಕ್ಕಳ ಪ್ರಮಾಣವೂ ಗಣನೀಯವಾಗಿ ಹೆಚ್ಚಿತು. ಖರ್ಚಿಗೆ ಹೋಲಿಸಿದರೆ ಇದು ಒಳ್ಳೆಯ ಫಲ.

ಆದರೂ ಪಾಠದ ಸಮಯ ಶೇ 30ರಷ್ಟು ಹೆಚ್ಚಿದ್ದಕ್ಕೆ ಕಲಿಕೆ ಇಷ್ಟೇ ಏರಿತಲ್ಲ ಎಂಬುದನ್ನು ಗಂಭೀರವಾಗಿ ನೋಡಬೇಕು. ಹಾಜರಿ ಅನ್ನುವುದು ಬಾಗಿಲು ತೆರೆಸುತ್ತದೆ. ಒಳಗೆ ಏಳು ವರ್ಷದ ಮಗು ಅಕ್ಷರ ಗುರುತಿಸಲು ಒದ್ದಾಡುತ್ತಿದೆ, ಹದಿಮೂರರ ಹುಡುಗಿ ಭಾಗಾಕಾರಕ್ಕೆ ಕಾಯುತ್ತಿದ್ದಾಳೆ, ಹತ್ತನೇ ತರಗತಿ ಓದಿದ ಒಬ್ಬರೇ ಶಿಕ್ಷಕರು ಇಬ್ಬರನ್ನೂ ಒಂದೇ ಗಂಟೆಯಲ್ಲಿ ಕಲಿಸಬೇಕು.  ಇದನ್ನು 50 ರೂಪಾಯಿ ಬಗೆಹರಿಸಲಾರದು.

ಹಾಗಾದರೆ ಹಾಜರಿಗೆ ಬದಲು ಮಕ್ಕಳ ಅಂಕಕ್ಕೇ ಹಣ ಕಟ್ಟಿದರೆ? ಕೀನ್ಯಾದಲ್ಲಿ ಪರೀಕ್ಷಾ ಫಲಿತಾಂಶಕ್ಕೆ ಬಹುಮಾನ ಇಟ್ಟಾಗ ಶಿಕ್ಷಕರ ಹಾಜರಿ ಹೆಚ್ಚಲಿಲ್ಲ, ಪರೀಕ್ಷೆಗೆ ತಯಾರು ಮಾಡುವ ಹೆಚ್ಚುವರಿ ತರಗತಿಗಳು ಹೆಚ್ಚಿದವು. ಆ ಪರೀಕ್ಷೆಯ ಅಂಕ ಏರಿತು, ಬಹುಮಾನ ನಿಂತ ಮೇಲೆ ಆ ಏರಿಕೆ ಉಳಿಯಲಿಲ್ಲ. ಆಂಧ್ರಪ್ರದೇಶದಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಪ್ರಯೋಗದಲ್ಲಿ ಮಾತ್ರ ಫಲ ಚೆನ್ನಾಗಿತ್ತು. ವಾರ್ಷಿಕ ಸಂಬಳದ ಸುಮಾರು ಶೇ 3ರಷ್ಟು ಬೋನಸ್, ಎರಡು ವರ್ಷದಲ್ಲಿ ಗಣಿತದಲ್ಲಿ 0.27, ಭಾಷೆಯಲ್ಲಿ 0.17 ಮಾನಕ ವಿಚಲನೆಯ ಏರಿಕೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಅಂಕಕ್ಕೆ ಹಣ ಎಂಬುದು ಪರೀಕ್ಷೆಯ ಗುಣವನ್ನು ಅವಲಂಬಿಸಿದ ದಾರಿ ಎಂದು ನನಗೆ ತೋರುತ್ತದೆ. ಬಾಯಿಪಾಠಕ್ಕೆ ಅಂಕ ಕೊಡುವ ಪರೀಕ್ಷೆ ಇಟ್ಟುಕೊಂಡು ಈ ದಾರಿಗೆ ಇಳಿಯಬಾರದು.

ಕಲಿಕೆಯ ಕಡೆಗೆ ಗಟ್ಟಿ ಹೆಜ್ಜೆ ಇಟ್ಟದ್ದು ಪ್ರಥಮ್ ಸಂಸ್ಥೆಯ ‘ಮಟ್ಟಕ್ಕೆ ತಕ್ಕ ಬೋಧನೆ’. ಮಕ್ಕಳನ್ನು ವಯಸ್ಸು, ತರಗತಿ ಬಿಟ್ಟು, ಅವರಿಗೆ ಈಗ ಏನು ಬರುತ್ತದೆ ಎಂಬುದರ ಮೇಲೆ ಗುಂಪು ಮಾಡಿ ಕಲಿಸುವ ಕ್ರಮ ಅದು. ಇಲ್ಲೂ ಮೇಲಿನವರ ಪಾತ್ರವೇ ಫಲ ನಿರ್ಧರಿಸಿತು. ಬಿಹಾರದಲ್ಲಿ ಶಾಲೆಯ ಶಿಕ್ಷಕರಿಗೆ ತರಬೇತಿ, ಸಾಮಗ್ರಿ ಕೊಟ್ಟು ಬಿಟ್ಟಾಗ ಅವರು ಎಂದಿನ ಪಠ್ಯ ಮುಗಿಸುವ ಕೆಲಸಕ್ಕೆ ಮರಳಿದರು, ಏಕೆಂದರೆ ಮೇಲಿನವರು ಕೇಳುತ್ತಿದ್ದದ್ದು ಪಠ್ಯ ಮುಗಿಯಿತೇ ಎಂದು. ಹರಿಯಾಣದಲ್ಲಿ ಇದಕ್ಕೆಂದೇ ದಿನದ ಒಂದು ಗಂಟೆ ಮೀಸಲಿಟ್ಟು, ಮೇಲ್ವಿಚಾರಣೆಯ ಅಧಿಕಾರಿಗಳೇ ಮೊದಲು ಮಕ್ಕಳಿಗೆ ಕಲಿಸಿ ನೋಡಿ, ಆಮೇಲೆ ಶಾಲೆಗಳಿಗೆ ಬಂದು ಕೈಹಿಡಿದು ನಡೆಸಿದಾಗ ಓದು ಸುಧಾರಿಸಿತು.

ಸರ್ಕಾರಿ ಶಾಲೆಗೆ ತಂದರೆ

ಉದಯಪುರದ ಶಿಕ್ಷಕರು ಸಂಸ್ಥೆಯೊಂದರ ಗುತ್ತಿಗೆ ನೌಕರರು. ಸರ್ಕಾರಿ ಶಿಕ್ಷಕರ ಸಂಬಳವನ್ನು ದಿನದ ಲೆಕ್ಕಕ್ಕೆ ಕಟ್ಟುವುದು ಬೇರೆಯೇ ಮಾತು, ಅವರ ಗೈರುಹಾಜರಿಯ ಸ್ವರೂಪವೂ ಬೇರೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳಲ್ಲಿ ನೋಡಿದಾಗ ಶೇ 18.5 ಶಿಕ್ಷಕರು ಶಾಲೆಯಲ್ಲಿರಲಿಲ್ಲ. ಆದರೆ ಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ. ಉಳಿದವರು ನಿಯಮದಂತೆ ರಜೆಯಲ್ಲಿದ್ದರು, ಇಲ್ಲವೇ ತರಬೇತಿ, ಸಭೆ, ಇಲಾಖೆಯ ಕೆಲಸ ಎಂದು ಹೊರಗೆ ಹೋಗಿದ್ದರು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಅನ್ಯ ಕರ್ತವ್ಯಕ್ಕೆ ಕಳುಹಿಸಿದವರೇ ಹಾಜರಿ ಎಲ್ಲಿ ಎಂದು ಕೇಳಿದರೆ ಶಿಕ್ಷಕರಿಗೆ ಸಿಟ್ಟು ಬರುವುದು ಸಹಜ.

ಹಾಗೆಂದು ವಿಷಯ ಕೈಬಿಡುವಂತೆಯೂ ಇಲ್ಲ. 2010ರಲ್ಲಿ 1297 ಹಳ್ಳಿಗಳಿಗೆ ಮತ್ತೆ ಹೋಗಿ ನೋಡಿದ ಮುರಳೀಧರನ್ ಮತ್ತು ಸಂಗಡಿಗರಿಗೆ ಹಳ್ಳಿ ಶಾಲೆಗಳ ಗೈರುಹಾಜರಿ 2003ರ ಶೇ 26.3ರಿಂದ 23.6ಕ್ಕೆ ಮಾತ್ರ ಇಳಿದದ್ದು ಕಂಡಿತು. ಇದರಿಂದ ಆಗುವ ನಷ್ಟ ವರ್ಷಕ್ಕೆ ಸುಮಾರು 150 ಕೋಟಿ ಡಾಲರ್ ಎಂದು ಅವರು ಅಂದಾಜಿಸಿದರು. ಹೊಸ ಶಿಕ್ಷಕರನ್ನು ನೇಮಿಸಿ ಗಳಿಸುವ ಬೋಧನಾ ಸಮಯವನ್ನೇ, ಇರುವವರ ಮೇಲ್ವಿಚಾರಣೆ ಚುರುಕು ಮಾಡಿ ಹತ್ತರಲ್ಲಿ ಒಂದು ಪಾಲಿನ ಖರ್ಚಿಗೆ ಪಡೆಯಬಹುದು ಎಂಬುದು ಅವರ ಲೆಕ್ಕ. ಇಲ್ಲಿ ಮೇಲ್ವಿಚಾರಣೆ ಎಂದರೆ ಶಾಲೆಗೆ ಆಗಾಗ ಬಂದು ಹೋಗುವ ಮನುಷ್ಯರು. ಉಪಕರಣ ಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಉಪಕರಣದಿಂದ ಶುರುಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರಪ್ರದೇಶದ ಉದಾಹರಣೆ ಇದೆ. 2024ರ ಜುಲೈನಲ್ಲಿ ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ ಡಿಜಿಟಲ್ ಹಾಜರಿ ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ಊರು, ಮಳೆಗಾಲದ ರಸ್ತೆ, ಅರ್ಧ ದಿನದ ರಜೆಗೆ ಅವಕಾಶವಿಲ್ಲದಿರುವುದು, ಹೀಗೆ ಶಿಕ್ಷಕರು ಎತ್ತಿದ ಆಕ್ಷೇಪಗಳು ಹಲವು. ಪ್ರತಿಭಟನೆ ಜೋರಾಗಿ, ಅದೇ ತಿಂಗಳು ಆದೇಶವನ್ನು ತಡೆಹಿಡಿಯಲಾಯಿತು. ಅರ್ಧ ದಿನದ ರಜೆಯ ಬೇಡಿಕೆ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆಸ್ಪತ್ರೆಗೆ ಹೋಗಬೇಕಾದ ಶಿಕ್ಷಕರಿಗೆ ನೇರ ದಾರಿ ಇಲ್ಲದಿದ್ದರೆ ಅಡ್ಡದಾರಿ ಹುಟ್ಟುತ್ತದೆ, ಅಡ್ಡದಾರಿ ಒಮ್ಮೆ ಹುಟ್ಟಿದರೆ ಎಲ್ಲರಿಗೂ ಸಲ್ಲುತ್ತದೆ.

ಪ್ರಯೋಗ ಮುಗಿದ ಮೇಲೂ ಸೇವಾ ಮಂದಿರ್ ತನ್ನ ಕೇಂದ್ರಗಳಲ್ಲಿ ಕ್ಯಾಮೆರಾ ಪದ್ಧತಿಯನ್ನು ಮುಂದುವರಿಸಿತು. ಇಂಥದ್ದೇನನ್ನಾದರೂ ತರಲು ಹೊರಟ ಇಲಾಖೆ ಯಂತ್ರದ ಟೆಂಡರ್ ಕರೆಯುವ ಮೊದಲು ಕೆಲವು ಸಂಗತಿಗಳನ್ನು ಬರೆದು ಪ್ರಕಟಿಸಲಿ ಎಂದು ನಾನು ಕೇಳುತ್ತೇನೆ. ವಿನಾಯಿತಿ ಕೊಡುವ ಅಧಿಕಾರ ಯಾರಿಗಿದೆ, ವರ್ಷಕ್ಕೆ ಎಷ್ಟು ದಿನ ಕೊಡಬಹುದು, ಯಾವ ಕಾರಣಕ್ಕೆ ಕೊಡಬಹುದು. ಪ್ರತಿ ತಿಂಗಳು ಪ್ರತಿ ಶಾಲೆಯ ವಿನಾಯಿತಿ ದಿನಗಳ ಪಟ್ಟಿ, ಅದಕ್ಕೆ ಸಹಿ ಹಾಕಿದ ಅಧಿಕಾರಿಯ ಹುದ್ದೆಯ ಸಮೇತ, ಆ ಶಾಲೆಯ ಸೂಚನಾ ಫಲಕದಲ್ಲಿ ಪೋಷಕರು ಓದುವಂತೆ ಇರಬೇಕು. ಶಿಕ್ಷಕರನ್ನು ಅನ್ಯ ಕರ್ತವ್ಯಕ್ಕೆ ಕರೆದ ದಿನಗಳೂ ಅದೇ ಪಟ್ಟಿಯಲ್ಲಿ, ಕರೆದ ಕಚೇರಿಯ ಹೆಸರಿನೊಂದಿಗೆ ಬರಬೇಕು.